ಒಂದು ಹಾಳೆ, ಒಂದು ಹೆಸರು: ಡಿಸೈನ್ ಕೆಲಸಕ್ಕೆ ಹೊರಟವರು ರೆಸ್ಯೂಮೆ ಮಾಡಿಕೊಳ್ಳುವ ಬಗೆ

ಮೊದಲ ಸಲ ಬೆಂಗಳೂರಿಗೆ ಕೆಲಸ ಕೇಳಿಕೊಂಡು ಬಂದಾಗ ನನ್ನ ರೆಸ್ಯೂಮೆ ಕಪ್ಪಗಿತ್ತು. ಎ4 ಹಾಳೆ ತುಂಬ ಕಪ್ಪು ಬಣ್ಣ, ಅದರ ಮೇಲೆ ಹಳದಿ ಅಕ್ಷರ, ಮೂಲೆಯಲ್ಲಿ ನಾನೇ ಬರೆದುಕೊಂಡ ನನ್ನ ಮುಖದ ಕ್ಯಾರಿಕೇಚರ್. ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಹೊಳೆಯುವ ಆರ್ಟ್ ಪೇಪರಿನ ಮೇಲೆ ಹತ್ತು ಪ್ರತಿ ತೆಗೆಸಿದ್ದೆ. ಸಂದರ್ಶನಕ್ಕೆ ಕೂತಿದ್ದ ಹಿರಿಯರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಚೆನ್ನಾಗಿದೆ ಅಂದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ನನ್ನ ಫೋನ್ ನಂಬರಿನ ಪಕ್ಕ ಏನೋ ಗುರುತು ಹಾಕಿಕೊಳ್ಳಲು ಹೋದರು. ಆ ಕಪ್ಪು ಹೊಳಪಿನ ಮೇಲೆ ಪೆನ್ನು ಹತ್ತಲೇ ಇಲ್ಲ. ಎರಡು ಸಲ ಗೀಚಿ ನೋಡಿ, ಕೊನೆಗೆ ಮೇಜಿನ ಮೇಲಿದ್ದ ಯಾವುದೋ ಬಿಲ್ಲಿನ ಬೆನ್ನಿಗೆ ನನ್ನ ಹೆಸರು, ನಂಬರು ಬರೆದಿಟ್ಟರು. ಆ ಬಿಲ್ಲು ಎಲ್ಲಿ ಹೋಯಿತೋ, ಫೋನಂತೂ ಬರಲಿಲ್ಲ.

ಈಗ ಮೇಜಿನ ಆಚೆ ಬದಿಯಲ್ಲಿ ಕೂತಿದ್ದೇನೆ. ನಮ್ಮದು ಸಣ್ಣ ಸ್ಟುಡಿಯೊ. ಆದರೂ ಒಂದು ಜಾಗ ಖಾಲಿಯಿದೆ ಅಂದರೆ ಮೇಲ್ ಪೆಟ್ಟಿಗೆ ತುಂಬುತ್ತದೆ. ಬರುವ ರೆಸ್ಯೂಮೆಗಳಲ್ಲಿ ಬಣ್ಣಕ್ಕೆ ಬರವಿಲ್ಲ. ಬರ ಇರುವುದು ಓದುವವನ ಬಗೆಗಿನ ಯೋಚನೆಗೆ. ಗ್ರಾಫಿಕ್ ಡಿಸೈನ್, ಇಲಸ್ಟ್ರೇಷನ್, ಪ್ಯಾಕೇಜಿಂಗ್, ಆ್ಯಪ್ ವಿನ್ಯಾಸ ಇಂಥ ಕೆಲಸಗಳಿಗೆ ಹೊರಟಿರುವವರಿಗೆ, ಅದರಲ್ಲೂ ದಾವಣಗೆರೆ, ಮೈಸೂರು, ಧಾರವಾಡ, ಕಲಬುರಗಿ ಕಡೆಯಿಂದ ಬರುವವರಿಗೆ, ನಾನು ಎದುರಿಗೆ ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕಂಪನಿಗಳಿಗೆ ರೆಸ್ಯೂಮೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಇಲ್ಲಿನ ಉದಾಹರಣೆಗಳು ಕನ್ನಡದಲ್ಲಿವೆ. ದಾರಿ ಎರಡಕ್ಕೂ ಒಂದೇ.

1. ಕ್ಯಾನ್ವಾ ಮುಚ್ಚಿ, ನೋಟ್‌ಬುಕ್ ತೆಗೆಯಿರಿ

ಕ್ಯಾನ್ವಾದಂಥ ವಿನ್ಯಾಸದ ಆ್ಯಪ್‌ನಲ್ಲಿ ಟೆಂಪ್ಲೇಟ್, ಅಂದರೆ ಸಿದ್ಧ ಮಾದರಿ, ತೆರೆದು ಖಾಲಿ ಜಾಗ ತುಂಬುತ್ತಾ ಹೋದರೆ ಟೆಂಪ್ಲೇಟ್ ಕೇಳಿದ್ದನ್ನು ಬರೆಯುತ್ತೀರಿ, ನಿಮ್ಮಲ್ಲಿ ಇರುವುದು ಹೊರಗೇ ಉಳಿಯುತ್ತದೆ. ಮೊದಲು ಎರಡು ಸಂಜೆ ಕೂತು, ಈವರೆಗೆ ಮಾಡಿದ ಕೆಲಸವನ್ನೆಲ್ಲ ನಾಚಿಕೆಯಿಲ್ಲದೆ ಪಟ್ಟಿ ಮಾಡಿ. ಅಣ್ಣನ ಮದುವೆಯ ಲಗ್ನಪತ್ರಿಕೆ, ಕಾಲೇಜು ಫೆಸ್ಟಿನ ಪೋಸ್ಟರ್, ಗಣೇಶನ ಪೆಂಡಾಲಿನ ಫ್ಲೆಕ್ಸ್, ಊರಿನ ಬೇಕರಿಗೆ ಬರೆದುಕೊಟ್ಟ ಬೋರ್ಡು, ಪ್ರೆಸ್ಸಿನಲ್ಲಿ ರಜೆಗೆ ಮಾಡಿದ ಡಿಟಿಪಿ. ಪ್ರತಿಯೊಂದರ ಮುಂದೆ ನಾಲ್ಕು ವಿಷಯ ಬರೆಯಿರಿ: ಯಾರಿಗೆ ಮಾಡಿದ್ದು, ಅದರಲ್ಲಿ ನಿಮ್ಮ ಕೈ ಎಷ್ಟು, ಎಷ್ಟು ದಿನ ಹಿಡಿಯಿತು, ಕೊನೆಗೆ ಏನಾಯಿತು.

"ನಿಮ್ಮ ಕೈ ಎಷ್ಟು" ಅನ್ನುವ ಕಡೆ ಸುಳ್ಳು ಹೇಳಬೇಡಿ. ಐದು ಜನ ಸೇರಿ ಮಾಡಿದ ಪ್ರಾಜೆಕ್ಟನ್ನು ಐವರೂ ತಮ್ಮದೇ ಅಂತ ಕಳಿಸುತ್ತಾರೆ. ಒಂದೇ ಬ್ಯಾಚಿನ ಇಬ್ಬರ ಮೇಲ್ ಒಂದೇ ಕಡೆಗೆ ಬಂದಾಗ ಗುಟ್ಟು ರಟ್ಟಾಗುತ್ತದೆ. "ತಂಡದ ಕೆಲಸ, ಐಕಾನ್‌ಗಳೂ ಕನ್ನಡ ಅಕ್ಷರ ಜೋಡಣೆಯೂ ನನ್ನವು" ಎಂದು ಬರೆದವರ ಮೇಲೆ ನಂಬಿಕೆ ಹುಟ್ಟುತ್ತದೆ.

2. ಯಾರ ಕೈಗೆ ಹೋಗುತ್ತದೆ?

ಜಾಹೀರಾತು ಸಂಸ್ಥೆಗೂ ಸಾಫ್ಟ್‌ವೇರ್ ಕಂಪನಿಗೂ ಪುಸ್ತಕ ಪ್ರಕಾಶನಕ್ಕೂ ಬೇಕಾದದ್ದು ಬೇರೆ ಬೇರೆ. ಕೆಲಸದ ಪ್ರಕಟಣೆಯನ್ನು ಪ್ರಿಂಟ್ ತೆಗೆದು, ಅವರು ಕೇಳಿರುವ ಪದಗಳಿಗೆ ಗೆರೆ ಎಳೆಯಿರಿ. ನೋಟ್‌ಬುಕ್ಕಿನ ಪಟ್ಟಿಯಲ್ಲಿ ಅದಕ್ಕೆ ಹೊಂದುವ ಕೆಲಸ ಯಾವುದಿದೆಯೋ ಅದಷ್ಟೇ ಈ ಹಾಳೆಗೆ ಬರಬೇಕು. ಉಳಿದದ್ದು ಇನ್ನೊಂದು ಅರ್ಜಿಗಿರಲಿ.

3. ಒಂದಲ್ಲ, ಎರಡು ರೆಸ್ಯೂಮೆ

ಇದು ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ಕಂಪನಿಗಳ ವೆಬ್‌ಸೈಟಿಗೋ ಉದ್ಯೋಗ ಪೋರ್ಟಲ್ಲಿಗೋ ನೀವು ಹಾಕುವ ಫೈಲನ್ನು ಮೊದಲು ನೋಡುವುದು ಒಂದು ತಂತ್ರಾಂಶ. ಅದನ್ನು ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಂ) ಅನ್ನುತ್ತಾರೆ. ಅದಕ್ಕೆ ನಿಮ್ಮ ಬಣ್ಣ, ಲೇಔಟು ಯಾವುದೂ ಬೇಡ. ಪಿಡಿಎಫ್‌ನೊಳಗಿನ ಅಕ್ಷರಗಳನ್ನು ಹೆಕ್ಕಿ ಹೆಸರು, ಓದು, ಅನುಭವ, ಕೌಶಲ ಎಂಬ ಡಬ್ಬಿಗಳಿಗೆ ಹಾಕುವುದು ಅದರ ಕೆಲಸ. ಎರಡು ಕಾಲಂ ಮಾಡಿದ್ದರೆ ಕೆಲವು ತಂತ್ರಾಂಶಗಳು ಎಡಗಡೆಯ ಸಾಲನ್ನೂ ಬಲಗಡೆಯ ಸಾಲನ್ನೂ ಬೆರೆಸಿ ಓದಿಬಿಡುತ್ತವೆ. ಚಿತ್ರವಾಗಿ ಹಾಕಿದ ಅಕ್ಷರ ಕೆಲವಕ್ಕೆ ಕಾಣುವುದೇ ಇಲ್ಲ. ಹೆಡರ್‌ನಲ್ಲಿ ಬರೆದ ಫೋನ್ ನಂಬರ್ ಕೆಲವೊಮ್ಮೆ ತಪ್ಪಿಹೋಗುತ್ತದೆ.

ನಮ್ಮ ಕಡೆಯ ಹುಡುಗರಿಗೆ ಇಲ್ಲೊಂದು ವಿಶೇಷ ಗುಂಡಿಯಿದೆ. ಪ್ರೆಸ್ಸಿನಲ್ಲಿ ಕೆಲಸ ಕಲಿತವರಿಗೆ ಕೋರೆಲ್‌ಡ್ರಾ ಫೈಲನ್ನು "ಕರ್ವ್ ಮಾಡಿ" ಕೊಡುವ ಅಭ್ಯಾಸ ಆಗಿರುತ್ತದೆ. ಅಂದರೆ ಅಕ್ಷರಗಳನ್ನೆಲ್ಲ ಆಕಾರಗಳಾಗಿ ಮಾರ್ಪಡಿಸುವುದು, ಇನ್ನೊಂದು ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಹಾಳಾಗದ ಹಾಗೆ. ಮುದ್ರಣದ ಪ್ಲೇಟ್ ಮಾಡಲು ಅದು ಸರಿ. ರೆಸ್ಯೂಮೆಯನ್ನು ಕರ್ವ್ ಮಾಡಿ ಪಿಡಿಎಫ್ ತೆಗೆದರೆ ಅದರೊಳಗೆ ಒಂದಕ್ಷರವೂ ಉಳಿದಿರುವುದಿಲ್ಲ. ಮನುಷ್ಯನ ಕಣ್ಣಿಗೆ ಎಲ್ಲ ಸರಿ, ಯಂತ್ರಕ್ಕೆ ಬರೀ ಗೆರೆಗಳು.

ಹಾಗಾಗಿ ಒಂದು ಸಾದಾ ಪ್ರತಿ ಮಾಡಿಡಿ: ಒಂದೇ ಕಾಲಂ, ಸಾಮಾನ್ಯ ಫಾಂಟ್, ಚಿತ್ರವಿಲ್ಲ, ಕೋಷ್ಟಕವಿಲ್ಲ. ಪೋರ್ಟಲ್ಲುಗಳಿಗೆ ಇದು. ಇನ್ನೊಂದು ವಿನ್ಯಾಸ ಮಾಡಿದ ಪ್ರತಿ. ಒಬ್ಬ ಮನುಷ್ಯನಿಗೆ ನೇರವಾಗಿ ಮೇಲ್ ಮಾಡುವಾಗ, ಕೈಗೆ ಕೊಡುವಾಗ ಇದು. ಎರಡರಲ್ಲೂ ಬರಹ ಒಂದೇ ಇರಲಿ, ಉಡುಪು ಮಾತ್ರ ಬೇರೆ.

ಪರೀಕ್ಷೆ ಸುಲಭ. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ಕೆ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಕ್ರಮವಾಗಿ ಓದಲು ಬಂದರೆ ಯಂತ್ರಕ್ಕೂ ಬಹುಮಟ್ಟಿಗೆ ಓದಲು ಬರುತ್ತದೆ. ಕಲಸುಮೇಲೋಗರವಾಗಿದ್ದರೆ ಮತ್ತೆ ಕೂರಬೇಕು.

4. ಸಾಲು ಬರೆಯುವುದು

ಡಿಸೈನರುಗಳು ಇಲ್ಲೇ ಸೋಮಾರಿಗಳಾಗುತ್ತಾರೆ. ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ರಾಣೆಬೆನ್ನೂರಿನ ಹುಡುಗಿ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಬಿವಿಎ ಮುಗಿಸಿದ್ದಾಳೆ, ಓದುವಾಗಲೇ ಒಂದು ಪ್ರೆಸ್ಸಿನಲ್ಲಿ ಅರೆಕಾಲಿಕ ಕೆಲಸ ಮಾಡಿದ್ದಾಳೆ. ಅವಳ ಮೊದಲ ಕರಡಿನಲ್ಲಿ ಹೀಗಿದೆ:

"ಖ್ಯಾತ ಮುದ್ರಣಾಲಯದಲ್ಲಿ ಗ್ರಾಫಿಕ್ ಡಿಸೈನರ್ ಆಗಿ ಕಾರ್ಯನಿರ್ವಹಿಸಿ ವಿವಿಧ ಜವಾಬ್ದಾರಿಗಳನ್ನು ಸಮರ್ಥವಾಗಿ ನಿಭಾಯಿಸಿದ ಅನುಭವ."

ಇದರಲ್ಲಿ ಏನಿದೆ? ಏನೂ ಇಲ್ಲ. ಅವಳನ್ನು ಕೂರಿಸಿಕೊಂಡು ಕೇಳಿದೆ ಅಂದುಕೊಳ್ಳಿ: ಅಲ್ಲಿ ದಿನಾ ಏನು ಮಾಡ್ತಿದ್ದೆ? ಲಗ್ನಪತ್ರಿಕೆ ಸರ್. ಎಷ್ಟು? ಮದುವೆ ಸೀಸನ್ನಲ್ಲಿ ದಿನಕ್ಕೆ ಎರಡು ಮೂರು. ಪ್ರೂಫ್ ಯಾರು ನೋಡ್ತಿದ್ರು? ನಾನೇ. ತಪ್ಪಾಗಿದ್ದುಂಟಾ? ಒಂದು ಸಲ ಮುಹೂರ್ತದ ಟೈಮ್ ತಪ್ಪಾಗಿ ಪೂರ್ತಿ ಲಾಟು ಮತ್ತೆ ಹೊಡೆಸಬೇಕಾಯಿತು, ಆಮೇಲೆ ಒಂದು ಚೆಕ್‌ಲಿಸ್ಟ್ ಮಾಡಿಟ್ಟೆ. ಈಗ ಬರೆ:

"ಎರಡು ಮದುವೆ ಸೀಸನ್‌ಗಳಲ್ಲಿ 140 ಲಗ್ನಪತ್ರಿಕೆಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ವಿನ್ಯಾಸ ಮಾಡಿ, ಪ್ರೂಫ್ ತಿದ್ದಿ, ಮುದ್ರಣದ ಫೈಲ್ ಸಿದ್ಧಪಡಿಸಿದೆ. ದಿನಾಂಕ, ಮುಹೂರ್ತ, ಹೆಸರುಗಳ ತಪ್ಪು ತಡೆಯಲು ಎಂಟು ಅಂಶಗಳ ಚೆಕ್‌ಲಿಸ್ಟ್ ರೂಪಿಸಿದೆ."

ಇದನ್ನು ಓದಿದ ನನಗೆ ಮೂರು ಸಂಗತಿ ತಿಳಿಯುತ್ತವೆ: ವೇಗವಿದೆ, ಎರಡು ಲಿಪಿಯ ಅಭ್ಯಾಸವಿದೆ, ತಪ್ಪಿನಿಂದ ಕಲಿಯುತ್ತಾಳೆ. ಸಂಖ್ಯೆ ದೊಡ್ಡದೇ ಆಗಬೇಕಿಲ್ಲ, ನಿಜವಾಗಿರಬೇಕು. ಸಂದರ್ಶನದಲ್ಲಿ "ಆ ಎಂಟು ಅಂಶ ಯಾವುವು?" ಅಂತ ಖಂಡಿತ ಕೇಳುತ್ತೇನೆ.

ತೆಗೆದುಹಾಕಬೇಕಾದವು ಕೆಲವಿವೆ. "ಸವಾಲಿನ ವಾತಾವರಣದಲ್ಲಿ ಸಂಸ್ಥೆಯ ಹಾಗೂ ನನ್ನ ಬೆಳವಣಿಗೆಗಾಗಿ ದುಡಿಯುವ ಗುರಿ" ಎಂಬ ಆರಂಭದ ಸಾಲು; ಇದನ್ನು ಯಾರು ಮೊದಲು ಬರೆದರೋ, ಎಲ್ಲರ ಹಾಳೆಯಲ್ಲೂ ಇದೆ. ತಂದೆಯ ಹೆಸರು, ಮದುವೆಯಾಗಿದೆಯೋ ಇಲ್ಲವೋ, ಧರ್ಮ, ಆಧಾರ್ ಸಂಖ್ಯೆ; ಇವು ಬಯೋಡೇಟಾ ಕಾಲದ ಪಳೆಯುಳಿಕೆಗಳು, ಆಧಾರ್ ಅಂತೂ ಗೊತ್ತಿಲ್ಲದವರ ಕೈಗೆ ಕೊಡಲೇಬಾರದ ವಸ್ತು. "ಮೇಲ್ಕಂಡ ಮಾಹಿತಿಯೆಲ್ಲ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ, ಸ್ಥಳ, ದಿನಾಂಕ, ಸಹಿ" ಕೂಡ ಬೇಡ. ಸರ್ಕಾರಿ ಅರ್ಜಿಯಲ್ಲಿ ಕೇಳಿದ್ದರೆ ಅಲ್ಲಿರಲಿ.

ಹವ್ಯಾಸಗಳು? "ಸಂಗೀತ ಕೇಳುವುದು, ಕ್ರಿಕೆಟ್" ಅಂದರೆ ಅರ್ಧ ಕರ್ನಾಟಕವೇ ಬಂತು. "ಹಳೇ ಬೆಂಕಿಪೊಟ್ಟಣದ ಲೇಬಲ್ ಸಂಗ್ರಹಿಸುತ್ತೇನೆ" ಅಂದರೆ ಮಾತು ಶುರುವಾಗುತ್ತದೆ. ಅಂಥದ್ದಿದ್ದರೆ ಹಾಕಿ.

ಇನ್ನು ಆ ಶೇಕಡಾ ಪಟ್ಟಿಗಳು. ಫೋಟೊಶಾಪ್ 90, ಇಲಸ್ಟ್ರೇಟರ್ 75, ಪಕ್ಕದಲ್ಲಿ ತುಂಬಿದ ಬಣ್ಣದ ಪಟ್ಟಿ. ಯಾವುದರ 90? ಅಳೆದವರು ಯಾರು? ಟೆಂಪ್ಲೇಟಿನಲ್ಲಿ ಇತ್ತು ಅಂತ ಇರುವ ಅಲಂಕಾರ ಇದು. "ಫೋಟೊಶಾಪ್: ಉತ್ಪನ್ನದ ಫೋಟೊ ರೀಟಚಿಂಗ್. ಫಿಗ್ಮಾ: ಈಗಷ್ಟೇ ಕಲಿಯುತ್ತಿದ್ದೇನೆ, ಒಂದು ಆ್ಯಪ್‌ನ 12 ಪರದೆ ಮಾಡಿದ್ದೇನೆ" ಅಂತ ಬಾಯಲ್ಲಿ ಹೇಳುವ ಹಾಗೇ ಬರೆಯಿರಿ.

5. ಹಾಳೆಯ ವಿನ್ಯಾಸ

ಎ4 ಅಂದರೆ 210 ಗುಣಿಸು 297 ಮಿಲಿಮೀಟರ್. ಹೊಸಬರಿಗೆ ಒಂದೇ ಪುಟ ಸಾಕು. ಸುತ್ತ 18ರಿಂದ 20 ಮಿಲಿಮೀಟರ್ ಅಂಚು ಬಿಡಿ. ಎರಡು ಕಾಲಂ ವಿನ್ಯಾಸ ಮಾಡಿದ ಪ್ರತಿಗೆ ಮಾತ್ರ: ಕೆಲಸದ ವಿವರ ಅಗಲವಾದ ಕಾಲಮ್ಮಿನಲ್ಲಿ, ಸಂಪರ್ಕ, ಓದು, ತಂತ್ರಾಂಶ ಕಿರಿದಾದ ಕಾಲಮ್ಮಿನಲ್ಲಿ. ಪುಟವನ್ನು ಮೂರು ಪಾಲು ಮಾಡಿದರೆ ಎರಡು ಪಾಲು ಮೊದಲನೆಯದಕ್ಕೆ.

ಫಾಂಟ್ ಕುಟುಂಬ ಒಂದು, ಹೆಚ್ಚೆಂದರೆ ಎರಡು. ಇಂಗ್ಲಿಷ್ ಬರಹಕ್ಕೆ 10 ಪಾಯಿಂಟ್ ಸುತ್ತಮುತ್ತ, ಶೀರ್ಷಿಕೆಗೆ 13 ಅಥವಾ 14, ನಿಮ್ಮ ಹೆಸರಿಗೆ 24ರ ಮೇಲೆ. ಅಳತೆಗಳ ನಡುವೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿರಲಿ. ಹತ್ತು, ಹತ್ತೂವರೆ, ಹನ್ನೊಂದು ಅಂತ ಹೆಜ್ಜೆ ಇಟ್ಟರೆ ಅದು ವಿನ್ಯಾಸದಂತಲ್ಲ, ಕೈತಪ್ಪಿದಂತೆ ಕಾಣುತ್ತದೆ.

ಬಣ್ಣ ಒಂದು ಸಾಕು. ಯಾವುದು ಅಂತ ಕೇಳಿದರೆ ನಿಮ್ಮ ಕೆಲಸದಲ್ಲೇ ಹುಡುಕಿ ಅನ್ನುತ್ತೇನೆ. ರಾಣೆಬೆನ್ನೂರಿನ ಹುಡುಗಿಗೆ ಲಗ್ನಪತ್ರಿಕೆಯ ಅರಿಶಿನ ಇದೆ, ಕುಂಕುಮ ಇದೆ. ಕುಂಕುಮದ ಬಣ್ಣವನ್ನು ಹೆಸರಿಗೂ ವಿಭಾಗದ ಶೀರ್ಷಿಕೆಗೂ ಮಾತ್ರ ಬಳಸಿದರೆ ಅದು ಅವಳ ಗುರುತಾಗುತ್ತದೆ. ಪರದೆಯ ಮೇಲೆ ಥಳಥಳಿಸುವ ಕೆಲವು ಹಸಿರು, ಕೇಸರಿ ಬಣ್ಣಗಳು ಸಿಎಂವೈಕೆ, ಅಂದರೆ ನಾಲ್ಕು ಶಾಯಿಯ ಮುದ್ರಣದಲ್ಲಿ ಮಂಕಾಗುತ್ತವೆ, ಒಂದು ಪ್ರತಿ ತೆಗೆಸಿ ನೋಡಿಯೇ ನಿರ್ಧರಿಸಿ. ಕಪ್ಪು ಬಿಳುಪು ಜೆರಾಕ್ಸ್ ಕೂಡ ಮಾಡಿಸಿ. ಕಚೇರಿಗಳಲ್ಲಿ ನಿಮ್ಮ ಹಾಳೆ ಹಾಗೇ ಪ್ರಿಂಟ್ ಆಗುವುದು, ಟೋನರ್ ಮುಗಿಯುತ್ತಾ ಬಂದ ಯಂತ್ರದಲ್ಲಿ.

ಮತ್ತೆ, ಬಿಳಿ ಜಾಗ ಬಿಡಿ. ಮ್ಯಾಟ್ ಕಾಗದ ಬಳಸಿ. ಪೆನ್ನು ಹತ್ತಬೇಕು.

ಕ್ರಿಯಾಶೀಲತೆ ಎಲ್ಲಿ ಹಾಗಾದರೆ? ಒಂದೇ ಒಂದು ಕಡೆ ತೋರಿಸಿ. ಲಗ್ನಪತ್ರಿಕೆಯ ಹುಡುಗಿ ತನ್ನ ಅನುಭವದ ಭಾಗವನ್ನು ಪತ್ರಿಕೆಯ ಒಕ್ಕಣೆಯ ಹಾಗೆ ಸಾಲುಗಳು ನಡುವಿಗೆ ಬರುವಂತೆ ಜೋಡಿಸಬಹುದು. ನಕ್ಷೆ ಬಿಡಿಸುವವನು ತನ್ನ ಓದು, ಕೆಲಸಗಳನ್ನು ಒಂದು ಬಸ್ ಮಾರ್ಗದ ಹಾಗೆ ತೋರಿಸಬಹುದು. ನೆನಪಿನಲ್ಲಿ ಉಳಿಯುವುದು ಒಂದು ಐಡಿಯಾ. ಮೂರು ಸೇರಿಸಿದರೆ ಮೂರೂ ಮರೆತುಹೋಗುತ್ತವೆ.

6. ಕನ್ನಡ ಅಕ್ಷರ ಹಾಕುವವರಿಗೆ

ನಮ್ಮಲ್ಲಿ ಕನ್ನಡ ಜೋಡಣೆ ಚೆನ್ನಾಗಿ ಬಲ್ಲ ಡಿಸೈನರುಗಳು ಕಡಿಮೆ. ಬಲ್ಲಿರಾದರೆ ಅದನ್ನೇ ಮುಂದಿಡಿ, ನಿಮ್ಮ ಹೆಸರನ್ನಾದರೂ ಕನ್ನಡದಲ್ಲಿ ಬರೆಯಿರಿ. ಆದರೆ ಯೂನಿಕೋಡ್ ಫಾಂಟಿನಲ್ಲಿ, ಅಂದರೆ ಯಾವ ಕಂಪ್ಯೂಟರೂ ಕನ್ನಡವೆಂದೇ ಗುರುತಿಸುವ ಅಕ್ಷರದಲ್ಲಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವವೇ ಬೇಕಾದಷ್ಟಿವೆ. ನೋಟೊ ಸಾನ್ಸ್ ಕನ್ನಡ ತಕರಾರಿಲ್ಲದ ಸಾದಾ ಅಕ್ಷರ. ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ. ಬಾಲೂ ತಮ್ಮ ದುಂಡಗೆ ಕೊಬ್ಬಿದ್ದು, ಹೆಸರಿಗೆ ಚೆನ್ನ, ಪ್ಯಾರಾಕ್ಕೆ ಬೇಡ. ಪುಸ್ತಕದ ಗಾಂಭೀರ್ಯ ಬೇಕೆಂದರೆ ಟಿರೊ ಕನ್ನಡ.

ಫೋಟೊಶಾಪಿನಲ್ಲಿ ಕನ್ನಡ ಅಂಟಿಸಿದಾಗ ಒತ್ತಕ್ಷರ ಒಡೆದು "ಕ್ಷ" ಎರಡು ಹೋಳಾಗುತ್ತಿದ್ದರೆ ಫಾಂಟನ್ನು ಬೈಯಬೇಡಿ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ವರ್ಲ್ಡ್-ರೆಡಿ ಕಂಪೋಸರ್. ಈ ಒಂದು ಆಯ್ಕೆ ಗೊತ್ತಿಲ್ಲದೆ ಇವತ್ತಿಗೂ ಎಷ್ಟೋ ಜನ ಹಳೇ ಆಸ್ಕಿ ಫಾಂಟಿಗೇ ಜೋತುಬಿದ್ದಿದ್ದಾರೆ.

ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಕೊಡಿ. ಮೇಲಿನ ಸಾಲಿನ "ಸ್ತ್ರೀ"ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಬಾರದು. ಅಕ್ಷರದ ಅಳತೆಯ ಒಂದೂವರೆ ಪಟ್ಟಿನಿಂದ ಶುರುಮಾಡಿ ಕಣ್ಣಲ್ಲಿ ನೋಡುತ್ತಾ ಸರಿಮಾಡಿ.

7. ಪೋರ್ಟ್‌ಫೋಲಿಯೊ

ರೆಸ್ಯೂಮೆ ಬಾಗಿಲು ತಟ್ಟುತ್ತದೆ, ಒಳಗೆ ಕರೆಸುವುದು ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಕೆಲಸದ ಮಾದರಿಗಳ ಸಂಗ್ರಹ. ಆರರಿಂದ ಎಂಟು ಕೆಲಸ ಸಾಕು. ಅತ್ಯುತ್ತಮವಾದದ್ದು ಮೊದಲಿಗೆ, ಎರಡನೆಯದು ಕೊನೆಗೆ. ಪ್ರತಿ ಕೆಲಸಕ್ಕೂ ಸಮಸ್ಯೆ ಏನಿತ್ತು, ನೀವು ಏನು ಯೋಚಿಸಿದಿರಿ, ಯಾವುದನ್ನು ಬಿಟ್ಟಿರಿ, ಕೊನೆಗೆ ಹೇಗೆ ಬಂತು ಎಂಬುದು ನಾಲ್ಕೈದು ಸಾಲಿನಲ್ಲಿರಲಿ. ಬಿಟ್ಟ ಸ್ಕೆಚ್ಚುಗಳನ್ನೂ ತೋರಿಸಿ. ನನಗೆ ಅವೇ ಹೆಚ್ಚು ಇಷ್ಟ. ಬಿಹ್ಯಾನ್ಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಹಾಕಬಹುದು. ಸ್ವಂತ ವೆಬ್‌ಸೈಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಗಿರಾಕಿಗಳ ಕೆಲಸವೇ ಇಲ್ಲವೆಂದರೆ ನೀವೇ ಕೆಲಸ ಹುಟ್ಟಿಸಿಕೊಳ್ಳಿ. ಆದರೆ ಜಗತ್ತಿನ ದೊಡ್ಡ ಬ್ರ್ಯಾಂಡುಗಳ ಲೋಗೊ ಬದಲಿಸಲು ಹೋಗಬೇಡಿ, ಅದು ಸಾವಿರ ಜನ ಮಾಡಿದ್ದಾರೆ. ನಿಮ್ಮ ತಾಲ್ಲೂಕಿನ ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಓದುವ ಹಾಗೆ ಮಾಡಿ. ಬೀಜದ ಪೊಟ್ಟಣದ ಹಿಂದೆ ಇರುವೆಯಂತೆ ಹರಡಿದ ಸೂಚನೆಗಳನ್ನು ರೈತರಿಗೆ ಅರ್ಥವಾಗುವ ಚಿತ್ರಗಳಾಗಿಸಿ. ಔಷಧಿ ಅಂಗಡಿಯವರು ಕವರಿನ ಮೇಲೆ ಬರೆಯುವ "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂಬುದನ್ನು ಓದು ಬಾರದ ಅಜ್ಜಿಗೂ ತಿಳಿಯುವಂತೆ ಬಿಡಿಸಿ. "ಸ್ವಂತ ಆಸಕ್ತಿಯ ಕೆಲಸ" ಎಂದು ಸ್ಪಷ್ಟವಾಗಿ ನಮೂದಿಸಿ. ಇಂಥ ಒಂದು ಪ್ರಾಜೆಕ್ಟ್ ನೋಡಿದರೆ ನಾನು ಫೋನ್ ಕೈಗೆತ್ತಿಕೊಳ್ಳುತ್ತೇನೆ.

8. ಬ್ರ್ಯಾಂಡ್ ಅಂದರೆ ನಮ್ಮ ಭಾಷೆಯಲ್ಲಿ ಹೆಸರು

"ಪರ್ಸನಲ್ ಬ್ರ್ಯಾಂಡ್" ಅಂದಾಗ ಹುಡುಗರು ಮೊದಲು ಮಾಡುವುದು ತಮ್ಮ ಹೆಸರಿನ ಮೊದಲಕ್ಷರದ ಲೋಗೊ. ಅದು ಕೊನೆಗೆ. ಹೆಸರು ಮಾಡುವುದು, ಹೆಸರು ಉಳಿಸಿಕೊಳ್ಳುವುದು, ಹೆಸರು ಕೆಡಿಸಿಕೊಳ್ಳುವುದು ಅಂತ ನಮ್ಮಲ್ಲಿ ಮಾತಿದೆಯಲ್ಲ, ಅಷ್ಟೇ ಇದು. ದಾವಣಗೆರೆ ಅಂದರೆ ಬೆಣ್ಣೆ ದೋಸೆ ನೆನಪಾಗುವ ಹಾಗೆ, ನಿಮ್ಮ ಹೆಸರು ಕೇಳಿದರೆ ಒಂದು ಕೆಲಸ ನೆನಪಾಗಬೇಕು. "ಲೋಗೊ, ವೆಬ್‌ಸೈಟ್, ವಿಡಿಯೊ, ಫೋಟೊ ಎಲ್ಲ ಮಾಡ್ತೀನಿ" ಅನ್ನುವವನ ಹೆಸರಿನೊಂದಿಗೆ ಯಾವುದೂ ಅಂಟುವುದಿಲ್ಲ. "ಕನ್ನಡ ಅಕ್ಷರ ಮತ್ತು ಪ್ಯಾಕೇಜಿಂಗ್" ಅಂದರೆ ಅಂಟುತ್ತದೆ.

ಮೊದಲ ಸಮಸ್ಯೆ ಹೆಸರನ್ನು ಬರೆಯುವುದೇ. ನಮಗೆ ಇನಿಷಿಯಲ್ ಸಂಪ್ರದಾಯ. ಅಂಕಪಟ್ಟಿಯಲ್ಲಿ "ಮಂಜುನಾಥ ಕೆ ಎಸ್", ಬ್ಯಾಂಕಿನಲ್ಲಿ "ಕೆ ಎಸ್ ಮಂಜುನಾಥ್", ಅಂತರಜಾಲದ ಅರ್ಜಿ ಕೊನೆಯ ಹೆಸರು ಕೇಳಿದಾಗ ಬರೀ "ಎಸ್". ಇಂಗ್ಲಿಷ್ ಕಾಗುಣಿತದಲ್ಲೂ ಒಂದು ಕಡೆ ಇದ್ದ ಅಕ್ಷರ ಇನ್ನೊಂದು ಕಡೆ ಇರುವುದಿಲ್ಲ. ಹುಡುಕಿದರೆ ಸಿಗುವುದು ನೂರಾರು ಮಂಜುನಾಥರು. ಇದಕ್ಕೆ ನಮ್ಮ ಹಿರಿಯರೇ ದಾರಿ ತೋರಿಸಿದ್ದಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಉದ್ದ ಹೆಸರು "ಕುವೆಂಪು" ಎಂಬ ಮೂರಕ್ಷರವಾಯಿತು. ರಾಮಚಂದ್ರಪ್ಪ ಎಂಬ ಹೆಸರಿನವರು ಎಷ್ಟೋ ಜನ, ಬರಗೂರು ರಾಮಚಂದ್ರಪ್ಪ ಒಬ್ಬರೇ. ಊರಿನ ಹೆಸರೋ, ಬಿಡಿಸಿ ಬರೆದ ಇನಿಷಿಯಲ್ಲೋ, ಒಂದು ರೂಪ ಆರಿಸಿ. ಕೆಲಸಕ್ಕೆ ಬಳಸುವ ಹೆಸರು ಇದು. ಆಫರ್ ಲೆಟರ್ ಹೊತ್ತಿಗೆ ದಾಖಲೆಯ ಹೆಸರು ಕೊಟ್ಟರಾಯಿತು.

ಆ ರೂಪವನ್ನೇ ಇಮೇಲ್ ವಿಳಾಸ, ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಮ್, ಪೋರ್ಟ್‌ಫೋಲಿಯೊ, ರೆಸ್ಯೂಮೆ ಎಲ್ಲ ಕಡೆ ಒಂದೇ ಕಾಗುಣಿತದಲ್ಲಿ ಹಾಕಿ. ಪಿಯುಸಿಯಲ್ಲಿ ಮಾಡಿಕೊಂಡ "ಕ್ಯೂಟ್ ಮಂಜು" ವಿಳಾಸಕ್ಕೆ ವಿದಾಯ ಹೇಳಿ. ಫೋಟೊ ಒಂದೇ ಇರಲಿ, ಪರಿಚಯದ ಸಾಲು ಒಂದೇ ಇರಲಿ. ಮೈಸೂರ್ ಸ್ಯಾಂಡಲ್ ಸೋಪನ್ನು ನೋಡಿ: ಆನೆಯ ತಲೆ, ಸಿಂಹದ ಮೈಯ ಆ ಶರಭ, ಆ ಮೊಟ್ಟೆಯಾಕಾರದ ಬಿಲ್ಲೆ. ಕಣ್ಣುಮುಚ್ಚಿ ಕೈಯಲ್ಲಿ ಹಿಡಿದರೂ ಗುರುತು ಸಿಗುತ್ತದೆ. ಪದೇ ಪದೇ ಬದಲಿಸಿದ್ದರೆ ಸಿಗುತ್ತಿರಲಿಲ್ಲ.

ಆಮೇಲೆ ಕಾಣಿಸಿಕೊಳ್ಳಬೇಕು. ದಿನಾ ಪೋಸ್ಟ್ ಹಾಕಿ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ, ಎರಡು ವಾರಕ್ಕೆ ಉಸಿರುಗಟ್ಟುತ್ತದೆ. ಹದಿನೈದು ದಿನಕ್ಕೊಂದು ಸಾಕು, ಆದರೆ ಕೆಲಸದ ಒಳಗಿನದ್ದು ಇರಲಿ: ಈ "ಳ"ವನ್ನು ಆರು ಬಗೆಯಲ್ಲಿ ಬರೆದೆ, ಇದನ್ನು ಆರಿಸಿದೆ, ಕಾರಣ ಇದು. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ. ಅಲ್ಲಿಗೆ ಬನ್ನಿ. ಒಂದು ದಿನ ನಿಂತು ಮಾತಾಡಿದರೆ ಆರು ತಿಂಗಳ ಲೈಕುಗಳಿಗಿಂತ ಹೆಚ್ಚು ಪರಿಚಯವಾಗುತ್ತದೆ. ಕಾರ್ಡ್ ಒಯ್ಯಿರಿ, ಕಾರ್ಡಿನ ಮೇಲೂ ಅದೇ ಕುಂಕುಮದ ಬಣ್ಣ.

9. ಕಳಿಸುವ ಮುನ್ನ, ಕಳಿಸಿದ ಮೇಲೆ

ಫೈಲಿನ ಹೆಸರು "ರೆಸ್ಯೂಮೆ ಫೈನಲ್ ಫೈನಲ್ 2" ಆಗಿರಬಾರದು. ನಿಮ್ಮ ಹೆಸರು, ಕೆಲಸ, ವರ್ಷ, ಅಷ್ಟು ಸಾಕು. ಜಿಮೇಲ್ 25 ಎಂಬಿವರೆಗೆ ಬಿಡುತ್ತದೆ ನಿಜ, ಹಾಗಂತ ಅಷ್ಟೂ ತುಂಬಬೇಡಿ. ರೆಸ್ಯೂಮೆ ಒಂದು ಎಂಬಿ ಒಳಗಿರಲಿ, ಪೋರ್ಟ್‌ಫೋಲಿಯೊಗೆ ಲಿಂಕ್ ಕೊಡಿ. ಆ ಲಿಂಕನ್ನು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಡ್ರೈವ್‌ನಲ್ಲಿ ಹಾಕಿ ಅನುಮತಿ ಕೊಡಲು ಮರೆತವರು ನನಗೆ ಪ್ರತಿ ಸಲವೂ ಸಿಗುತ್ತಾರೆ. ನಾನು ಅನುಮತಿ ಕೇಳುತ್ತಾ ಕೂರುವುದಿಲ್ಲ.

ಮೇಲ್‌ನಲ್ಲಿ ಐದಾರು ಸಾಲು ಬರೆಯಿರಿ: ಯಾವ ಕೆಲಸಕ್ಕೆ, ಆ ಸಂಸ್ಥೆ ಮಾಡಿದ ಯಾವ ಕೆಲಸ ನಿಮಗೆ ಹಿಡಿಸಿತು, ನಿಮ್ಮ ಯಾವ ಕೆಲಸವನ್ನು ಅವರು ಮೊದಲು ನೋಡಬೇಕು. ಮೂವತ್ತು ಕಂಪನಿಗಳ ವಿಳಾಸವನ್ನು ಒಟ್ಟಿಗೆ ಹಾಕಿ ಕಳಿಸಿದರೆ ಮೂವತ್ತೂ ಕಡೆ ಅದು ಕಾಣುತ್ತದೆ.

ಡಿಸೈನ್ ಗೊತ್ತಿಲ್ಲದ ಒಬ್ಬರಿಗೆ, ಚಿಕ್ಕಮ್ಮನಿಗೋ ಪಕ್ಕದ ಮನೆಯವರಿಗೋ, ಹಾಳೆಯನ್ನು ಹತ್ತು ಸೆಕೆಂಡ್ ತೋರಿಸಿ ಕಿತ್ತುಕೊಳ್ಳಿ. "ಇವರು ಏನು ಕೆಲಸ ಮಾಡ್ತಾರೆ?" ಅಂತ ಕೇಳಿ. "ಏನೋ ಕಂಪ್ಯೂಟರ್ ಕೆಲಸ" ಅಂದರೆ ನಾಲ್ಕನೇ ಹಂತಕ್ಕೆ ವಾಪಸ್ಸು. "ಲಗ್ನಪತ್ರಿಕೆ ಚೆನ್ನಾಗಿ ಮಾಡ್ತಾಳೆ ಅನ್ಸತ್ತೆ" ಅಂದರೆ ಕಳಿಸಿ.

ಕಳಿಸಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ: ಯಾರಿಗೆ, ಯಾವ ದಿನ, ಯಾವ ಪ್ರತಿ. ಒಂದು ವಾರ ಬಿಟ್ಟು ಒಂದು ಸಲ ನೆನಪಿಸಿ, ಎರಡನೇ ಸಲ ಬೇಡ. ಕರೆ ಬಂದರೆ ಆ ಹಾಳೆ ನೋಡಿಯೇ ಹೊರಡಿ, ಅವರ ಮೇಜಿನ ಮೇಲಿರುವ ಪ್ರತಿಯೇ ನಿಮ್ಮ ಚೀಲದಲ್ಲೂ ಇರಲಿ. ಜತೆಗೊಂದು ಪೆನ್ನು ಇಟ್ಟುಕೊಳ್ಳಿ, ಅವರದ್ದು ಬರೆಯದಿದ್ದರೆ ಕೊಡಲಿಕ್ಕೆ.